ಎಂಟು ಗಂಟೆಯೊಳಗೆ ಯುರೋಪು

ಬ್ರೇಕ್ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅಂತ ಒಂದಿತ್ತು. ಪಾಪ, ಅದು ಈಗ ಅವರ ಲೈಸೆನ್ಸಿನಲ್ಲಿ ಮಾತ್ರ ಉಸಿರಾಡಿಕೊಂಡಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅರ್ಧ ಆಯುಷ್ಯ ಎಡಗಡೆ ಸೀಟಿನಲ್ಲೇ ಕೂತು, ಕಲಿಯಲು ಬಂದವರು ಕಂಬಕ್ಕೋ ಕಾಂಪೌಂಡಿಗೋ ಮುತ್ತಿಡುವ ಮುಂಚೆ ತಮ್ಮ ಕಡೆಯ ಬ್ರೇಕು ಒತ್ತಿ ಒತ್ತಿ, ಮೇಷ್ಟ್ರ ಬಲಗಾಲಿಗೆ ಅವರ ಅಪ್ಪಣೆಯೇ ಬೇಕಾಗದಂತೆ ಆಗಿಬಿಟ್ಟಿತ್ತು. ಸಲೂನಿನಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೆ ಕಾಲು ಒತ್ತುತ್ತಿತ್ತು. ಸಿನಿಮಾದಲ್ಲಿ ನಾಯಕ ನಾಯಕಿಯ ಕಡೆ ಓಡಿದರೆ ಒತ್ತುತ್ತಿತ್ತು. ಮನೆಯಲ್ಲಿ ಹೆಂಡತಿ ಮಾತಿನಲ್ಲಿ ಸ್ಪೀಡು ತಗೊಂಡರೆ ಊಟದ ಮೇಜಿನ ಕೆಳಗೆ ನೆಲವನ್ನೇ ಒತ್ತುತ್ತಿತ್ತು. ಅದರಿಂದ ಆಕೆ ಒಂದು ದಿನವೂ ನಿಂತದ್ದಿಲ್ಲ ಅನ್ನುವುದು ಬೇರೆ ಮಾತು.

ಸ್ಕೂಲಿನ ಕಾರು ವಯಸ್ಸಿನಲ್ಲಿ ಅವರಿಗಿಂತ ಸ್ವಲ್ಪವೇ ಚಿಕ್ಕದು. ಬೇರೆ ಸ್ಕೂಲ್ ಕಾರುಗಳಲ್ಲಿ ಮೇಷ್ಟ್ರ ಕಡೆಗೆ ಒಂದು ಬ್ರೇಕು, ಹೆಚ್ಚೆಂದರೆ ಒಂದು ಕ್ಲಚ್ಚು ಇರುತ್ತದೆ. ಈ ಮುದಿ ಕಾರಿಗೆ ಈಗಿನ ಯಜಮಾನರ ತಂದೆ ತಾವೇ ಗ್ಯಾರೇಜಿನಲ್ಲಿ ನಿಂತು ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರನ್ನೂ ಎರಡೂ ಕಡೆ ಹಾಕಿಸಿದ್ದರು. "ಕಲಿಯೋರು ಹೆದರಿ ಕಾಲೆತ್ತಿಬಿಟ್ಟರೂ ಕಾರು ಮನೆ ಸೇರ್ಬೇಕು" ಅನ್ನುವುದು ಆ ಪುಣ್ಯಾತ್ಮರ ಲೆಕ್ಕ. ಹೀಗಾಗಿ ಸ್ಟಿಯರಿಂಗ್ ಒಂದು ಬಿಟ್ಟು ಮಿಕ್ಕ ಕಾರೆಲ್ಲ ಮೇಷ್ಟ್ರ ಕಾಲ ಕೆಳಗೇ ಇತ್ತು. ಇದ್ದೇನು ಬಂತು? ಅವರು ಹೋದದ್ದಾದರೂ ಎಲ್ಲಿಗೆ? ಸ್ಕೂಲಿನಿಂದ ಹಾಲಿನ ಬೂತು, ಅಲ್ಲಿಂದ ಪೋಸ್ಟಾಫೀಸು, ಮಾರುಕಟ್ಟೆ, ಬೈಪಾಸು, ನೀರಿನ ಟ್ಯಾಂಕಿನ ಏರು, ವಾಪಸು. ಗಾಣದೆತ್ತು ಕೂಡ ಇವರನ್ನು ನೋಡಿ ಅಯ್ಯೋ ಪಾಪ ಅನ್ನಬೇಕು.

ಅವರ ಅಣ್ಣ ಇದಕ್ಕೆ ತದ್ವಿರುದ್ಧ. ದೂರದ ಬಸ್ಸಿನ ಡ್ರೈವರು. ಮನೆಗೆ ಬಂದರೆ ಬಟ್ಟೆ ಬದಲಾಯಿಸುವಷ್ಟು ಹೊತ್ತು. ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದರೆ, "ನಾನು ಒಪ್ಪಿದ್ದೆ, ಬಸ್ಸು ಒಪ್ಪಲಿಲ್ಲ" ಅನ್ನುತ್ತಿದ್ದ. ಅಂಥ ಮನುಷ್ಯನಿಗೆ ಮೊದಲು ಎರಡೂ ಕಾಲು ಹೋದವು. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ತಮ್ಮನ ಮನೆಯ ಮುಂದಿನ ಕೋಣೆಗೆ ಬಂದು ಮಲಗಿದ. ಆಮೇಲೆ ಹೊಟ್ಟೆಯೊಳಗೆ ಏನೋ ಬೆಳೆಯಿತು. ಡಾಕ್ಟರು ಪರೀಕ್ಷೆಯೆಲ್ಲ ಮುಗಿಸಿ, ತಮ್ಮನನ್ನು ವರಾಂಡಕ್ಕೆ ಕರೆದು, "ಇನ್ನು ಮನೇಲೇ ಇಟ್ಕೊಳ್ಳಿ. ಏನು ತಿನ್ನಬೇಕು ಅಂತಾರೋ ಕೊಡಿ" ಅಂದರು. ಡಾಕ್ಟರು ತಾವಾಗಿ ಪಥ್ಯ ಬಿಡಿಸಿದರೆ ಅದರ ಅರ್ಥ ಏನು ಅಂತ ತಿಳಿಯದ ಮಂಕುಗಳು ಲೋಕದಲ್ಲಿ ಇಲ್ಲ.

ಅಣ್ಣನಿಗೆ ಯಾರೂ ಹೇಳಲಿಲ್ಲ. ತಾನಾಗಿಯೇ ತಿಳಿದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದವನು ಮತ್ತೆ ಈ ಕಡೆ ತಿರುಗಲಿಲ್ಲ. ಮಾತಿಲ್ಲ, ಕತೆಯಿಲ್ಲ. ಗಂಜಿ ತಂದರೆ ಬೇಡ, ಹಾಲು ತಂದರೆ ಬೇಡ. ಮೇಷ್ಟ್ರಿಗೆ ಈಗ ಬೇಕಾಗಿದ್ದದ್ದು ಒಂದೇ ಒಂದು. ಅಣ್ಣ ಆ ಹಾಳು ಗೋಡೆ ಬಿಟ್ಟು ಈ ಕಡೆ ತಿರುಗಬೇಕು, ನಾಲ್ಕು ಚಮಚ ಗಂಜಿ ಕುಡಿಯಬೇಕು. ಅದಕ್ಕಾಗಿ ಅವರು ಹೇಳಿದ ಜೋಕುಗಳಿಗೆ ಗೋಡೆಯೂ ನಗಲಿಲ್ಲ.

ಹೀಗಿರುವಾಗ ರೋಗಿಯನ್ನು ನೋಡಲು ಪಕ್ಕದ ಮನೆಯ ರಿಟೈರ್ಡ್ ಮ್ಯಾನೇಜರು ಬಂದರು. ನೋಡಲು ಬಂದರು ಅನ್ನುವುದಕ್ಕಿಂತ ತೋರಿಸಲು ಬಂದರು ಅನ್ನಬೇಕು. ಅವರು ಹೋದ ತಿಂಗಳು ಯುರೋಪಿಗೆ ಹೋಗಿ ಬಂದಿದ್ದರು. ಬೀದಿಯಲ್ಲಿ ಅವರ ಫೋಟೋ ನೋಡದೆ ಉಳಿದಿದ್ದವನು ಈ ರೋಗಿಯೊಬ್ಬನೇ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಅಣ್ಣನ ಬೆನ್ನಿಗೆ ಮೊಬೈಲು ತೋರಿಸತೊಡಗಿದರು.

"ಇದು ಐಫೆಲ್ ಟವರ್. ಪಕ್ಕದಲ್ಲಿರೋದು ನಾನು."

ಎತ್ತರ ಇರುವುದು ಟವರು, ದಪ್ಪ ಇರುವುದು ಮ್ಯಾನೇಜರು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

"ಬಸ್ಸು ನಿಲ್ಲಿಸ್ತಾರೆ, ಇಳೀತೀವಿ, ಫೋಟೋ ತೆಗೀತೀವಿ, ಹತ್ತುತೀವಿ. ಕಣ್ಣು ಮುಚ್ಚಿ ಬಿಡೋದ್ರಲ್ಲಿ ಇನ್ನೊಂದು ದೇಶ! ಹೋಗ್ಲಿ ಬಿಡಿ ಮೇಷ್ಟ್ರೇ, ನೀವು ನೀರಿನ ಟ್ಯಾಂಕ್ ದಾಟಿ ಆಚೆ ಹೋದೋರಲ್ಲ. ನಿಮಗೆ ಹೇಗೆ ಅರ್ಥ ಮಾಡಿಸೋದು ಇದನ್ನೆಲ್ಲ?"

ಮೇಷ್ಟ್ರಿಗೆ ಚುರುಕ್ ಅಂತು. ತಮಗೆ ಅಂದದ್ದನ್ನಾದರೆ ನುಂಗಿಕೊಳ್ಳುತ್ತಿದ್ದರು. ಸಾಯುತ್ತಿರುವ ಡ್ರೈವರನ ಬೆನ್ನ ಹಿಂದೆ ಕೂತು, ಬಸ್ಸಿನಲ್ಲಿ ನಿದ್ದೆ ಮಾಡಿ ಬಂದದ್ದನ್ನು ಪ್ರಯಾಣ ಅನ್ನುತ್ತಾನಲ್ಲ!

"ಬಸ್ಸಲ್ಲಿ ಕೂತು ಹೋಗೋದೂ ಒಂದು ಹೋಗೋದಾ ಸಾರ್? ನಾವೂ ಹೊರಟಿದೀವಿ. ಕಾರಲ್ಲಿ. ನಾವೇ ಓಡಿಸ್ಕೊಂಡು, ಐದು ದೇಶ. ನಾನೂ ಅಣ್ಣನೂ."

ಕಾಲು ತಕ್ಷಣ ಬ್ರೇಕ್ ಒತ್ತಿತು. ಆದರೆ ನಾಲಿಗೆಗೂ ಕಾಲಿಗೂ ಯಾವ ಗ್ಯಾರೇಜಿನವನೂ ಕನೆಕ್ಷನ್ ಕೊಟ್ಟಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಮ್ಯಾನೇಜರು ಬಾಯಿ ತೆರೆದರು. ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಹೆಂಡತಿ ಗಂಡನ ಮುಖವನ್ನು ಜ್ವರ ನೋಡುವ ಹಾಗೆ ನೋಡಿದಳು. ಮೇಷ್ಟ್ರು ತಮಾಷೆಗೆ ಅಂದೆ ಅಂತ ಹೇಳಬೇಕು ಅನ್ನುವಷ್ಟರಲ್ಲಿ ಹಾಸಿಗೆಯಿಂದ ಒಂದು ದನಿ ಬಂತು.

"ಯಾವ ದಾರಿ?"

ಅಣ್ಣ ಈ ಕಡೆ ತಿರುಗಿದ್ದ.

ಅಷ್ಟೇ. ಅಲ್ಲಿಗೆ ಮೇಷ್ಟ್ರು ಸಿಕ್ಕಿಹಾಕಿಕೊಂಡರು. ಆ ಸಂಜೆ ಮ್ಯಾನೇಜರೇ ತಮ್ಮ ಟೂರಿನ ನಕ್ಷೆ ತಂದುಕೊಟ್ಟರು. ಯಾವ ಯಾವ ಊರಿನಲ್ಲಿ ಶೌಚಾಲಯ ಚೆನ್ನಾಗಿದೆ ಅಂತ ಅದರಲ್ಲಿ ಹಸಿರು ಇಂಕಿನ ಗುರುತಿತ್ತು. ಅವರು ಕಂಡ ಯುರೋಪು ಅದು. ಮೇಷ್ಟ್ರು ನಕ್ಷೆಯನ್ನು ಅಣ್ಣನ ಕಾಲ ಮೇಲೆ ಹಾಸಿದರು. ಪ್ಯಾರಿಸ್ಸು ತೊಡೆಯ ಮೇಲೆ ಬಂತು, ಆಲ್ಪ್ಸ್ ಪರ್ವತ ಮೊಣಕಾಲ ಮೇಲೆ ಬಂತು. ಅಣ್ಣನಿಗೆ ಯಾವುದರ ಭಾರವೂ ಗೊತ್ತಾಗಲಿಲ್ಲ.

"ಪ್ಯಾರಿಸ್ಸಿಂದ ಹೊರಟ್ರೆ ಬೆಲ್ಜಿಯಮ್ಮು. ಅಲ್ಲಿಂದ ಕೆಳಗಿಳಿದ್ರೆ... ಇದ್ಯಾವ್ದೋ ಇದು, ಸಾಸಿವೆ ಕಾಳಿನ ಹಾಗಿರೋದು?"

"ಲಕ್ಸೆಂಬರ್ಗ್ ಅಣ್ಣ. ಅದೂ ಒಂದು ದೇಶ."

"ಇದು ದೇಶಾನಾ? ನನ್ನ ಬಸ್ಸು ಯೂ ಟರ್ನ್ ತಗೊಂಡ್ರೆ ಹಿಂದಿನ ಚಕ್ರ ಪಕ್ಕದ ದೇಶದಲ್ಲಿ ಇರುತ್ತಲ್ಲೋ!"

"ಹಾಗಾದ್ರೆ ಬಿಟ್ಟುಬಿಡೋಣ."

"ಛೆ, ಚಿಕ್ಕದು ಅಂತ ಬಿಡಬಾರದು, ಪಾಪ. ಲೆಕ್ಕಕ್ಕೆ ಬೇಡ. ಒಂದು ಹಾರ್ನ್ ಹೊಡೆದು ಹೋಗೋಣ."

ಹೀಗೆ ಐದು ದೇಶ ಮತ್ತು ಒಂದು ಹಾರ್ನು ಅಂತ ಗೊತ್ತಾಯಿತು. ಫ್ರಾನ್ಸು, ಬೆಲ್ಜಿಯಂ, ಜರ್ಮನಿ, ಸ್ವಿಟ್ಜರ್ಲೆಂಡು, ಇಟಲಿ. ಬೆಲ್ಜಿಯಂ ಗಡಿ ದಾಟುವಷ್ಟರಲ್ಲಿ ಅಣ್ಣ ಅರ್ಧ ಬಟ್ಟಲು ಗಂಜಿ ಕುಡಿದಿದ್ದ. ಜರ್ಮನಿಯಲ್ಲಿ ಇನ್ನರ್ಧ. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಅಡುಗೆಮನೆಯಲ್ಲಿ ಗಂಡನಿಗೆ ಬೈದಳು. ಎರಡೂ ಒಂದೇ ಕಾರಣಕ್ಕೆ.

ಆಲ್ಪ್ಸ್ ಹತ್ತಿರ ಬಂದಾಗ ಅಣ್ಣ ಬಲು ಗಂಭೀರನಾದ.

"ಏರಲ್ಲಿ ಸೆಕೆಂಡ್ ಗೇರು. ಇಟಲಿ ಕಡೆ ಇಳಿಯೋವಾಗ್ಲೂ ಸೆಕೆಂಡೇ. ಇಳಿತದಲ್ಲಿ ನೀನು ಬ್ರೇಕ್ ಮೇಲೆ ಕೂತ್ರೆ ಸುಟ್ಟು ಹೋಗುತ್ತೆ, ಗೊತ್ತಾ?"

"ಗೊತ್ತಣ್ಣ."

"ಏನೂ ಗೊತ್ತಿಲ್ಲ. ನೀನು ಹುಟ್ಟಿದಾಗಿಂದ ಬ್ರೇಕ್ ಮೇಲೇ ಕೂತಿದೀಯ. ಅಲ್ಲಿ ಕಾಲೆತ್ತಿ ಕೂತ್ಕೊ. ಗಾಡೀನ ನಂಬು. ಮತ್ತೆ ಅಲ್ಲಿ ರಸ್ತೆಯ ಬಲಕ್ಕೆ ಓಡಿಸ್ಬೇಕು. ಈಗಿಂದ್ಲೇ ಅಭ್ಯಾಸ ಮಾಡ್ಕೊ."

ಸುದ್ದಿಗೆ ಮಾತ್ರ ಬ್ರೇಕೂ ಇರಲಿಲ್ಲ, ಗೇರೂ ಇರಲಿಲ್ಲ. ಎರಡು ದಿನದಲ್ಲಿ ಸೋದರತ್ತೆ ಬಂದಿಳಿದಳು. ಈಕೆ ಸಾವಿನ ಮನೆಗೆ ಎಲ್ಲರಿಗಿಂತ ಮುಂಚೆ ಬರುವ ಹೆಂಗಸು. ಈ ಸಲ ಸ್ವಲ್ಪ ಜಾಸ್ತಿಯೇ ಮುಂಚೆ ಬಂದಿದ್ದಳು.

"ಅಲ್ವೋ, ನಿನಗೇನು ತಲೆ ಕೆಟ್ಟಿದೆಯಾ? ಎದ್ದು ಕೂರೋಕಾಗ್ದೋನ್ನ ಪರದೇಶಕ್ಕೆ ಎಳ್ಕೊಂಡು ಹೋಗ್ತೀಯಾ? ಅಲ್ಲೇ ಬಿಟ್ಟು ಬರೋ ಉಪಾಯ ಅಂತ ಜನ ಆಡ್ಕೋತಿದಾರೆ ಕಣೋ! ನಾನು ಆಡ್ಕೊಂಡಿಲ್ಲ, ಜನ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಗೊತ್ತಿಲ್ವಾ?"

ಎಲ್ಲರೂ ಹೊದಿಕೆಯೊಳಗಿನ ಆ ಎರಡು ಕಾಲು ನೋಡಿ, ಬೇರೆ ಎಲ್ಲೋ ನೋಡಿದರು.

"ಅತ್ತೆ," ಅಂದ ಅಣ್ಣ ನಿಧಾನವಾಗಿ, "ನನ್ನ ಕಾಲು ಚಾಚಿದ್ದು ಚಾಚಿದ ಹಾಗೇ ಇದೆ. ನೀವೇ ನೋಡಿ, ಹಾಸಿಗೆಗೆ ಸರಿಯಾಗಿದೆಯಾ?"

ಅತ್ತೆ ಗೊಳೋ ಅಂತ ಅತ್ತಳು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು, "ಹೋಗೋದೇ ಆದ್ರೆ ನನಗೊಂದು ಉಣ್ಣೆ ಶಾಲು ತನ್ನಿ. ತೆಳ್ಳಗಿನದ್ದು ಬೇಡ" ಅಂದಳು.

ಅತ್ತ ಸ್ಕೂಲಿನ ಯಜಮಾನರು ಇನ್ನೂ ಒಂದು ಕೈ ಮೇಲೆ. ಅವರು ಯಾರನ್ನೂ ಕೇಳದೆ ಬಾಗಿಲ ಮೇಲೆ ಆಳೆತ್ತರದ ಬೋರ್ಡು ಹಾಕಿಸಿದರು. "ಯುರೋಪಿನ ಐದು ದೇಶಗಳಲ್ಲಿ ಕಾರು ಓಡಿಸಲಿರುವ ಮೇಷ್ಟ್ರಿಂದ ಇಲ್ಲಿ ತರಬೇತಿ." ಪಕ್ಕದಲ್ಲಿ ಮೇಷ್ಟ್ರ ಫೋಟೋ, ಹಿಂದೆ ಟವರು. ಯಾವುದೋ ಹಳೇ ಗುಂಪು ಫೋಟೋದಿಂದ ಕತ್ತರಿಸಿದ್ದರಿಂದ ಮೇಷ್ಟ್ರ ಭುಜದ ಮೇಲೆ ಬೇರೆ ಯಾರದೋ ಕೈ ಉಳಿದುಕೊಂಡಿತ್ತು. ಜನ ಸಾಲುಗಟ್ಟಿ ಸೇರಿಕೊಂಡರು. ಯಜಮಾನರು ಮೇಷ್ಟ್ರನ್ನು ಕಂಡರೆ ಎದ್ದು ನಿಲ್ಲತೊಡಗಿದರು. ಮೇಷ್ಟ್ರಿಗೆ ತಮ್ಮ ಭುಜದ ಮೇಲಿನ ಆ ಕೈ ರಾತ್ರಿಯೆಲ್ಲ ಭಾರವಾಗುತ್ತಿತ್ತು.

ನಿಜವಾದ ಅನಾಹುತ ಆದದ್ದು ಲೈಸೆನ್ಸ್ ಪರೀಕ್ಷೆಯ ದಿನ. ಟೈಲರ್ ಅಂಗಡಿಯ ಅಕ್ಕ ಬಹಳ ಕಾಲದಿಂದ ಕಲಿಯುತ್ತಿದ್ದವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಸಾಧು. ಮೇಷ್ಟ್ರು ಅಣ್ಣನ ಮಾತಿನಂತೆ ಬಲಗಡೆಯ ಅಭ್ಯಾಸ ಶುರು ಮಾಡಿದ್ದರಲ್ಲ, ಆ ಅಭ್ಯಾಸದ ಹೊತ್ತಿನಲ್ಲಿ ಸ್ಟಿಯರಿಂಗ್ ಹಿಡಿದಿದ್ದವಳು ಈ ಅಕ್ಕ. ಪರೀಕ್ಷೆಗೆ ಇನ್ಸ್‌ಪೆಕ್ಟರು ಮೇಷ್ಟ್ರ ಸೀಟಿನಲ್ಲಿ ಕೂತರು, ಮೇಷ್ಟ್ರು ಹಿಂದೆ. ಪೋಸ್ಟಾಫೀಸಿನ ತನಕ ಅಕ್ಕ ಹೂವಿನ ಹಾಗೆ ಓಡಿಸಿದಳು. ಪೋಸ್ಟಾಫೀಸು ದಾಟಿದ್ದೇ ತಡ, ಕೈ ತೋರಿಸಿ, ಕನ್ನಡಿ ನೋಡಿ, ಎಲ್ಲ ನಿಯಮ ಪಾಲಿಸಿ ರಸ್ತೆಯ ಬಲಕ್ಕೆ ಹೋದಳು. ಎದುರಿಗೆ ಒಂದು ಲಾರಿ ಬಂತು.

ಇನ್ಸ್‌ಪೆಕ್ಟರು ಕಿರುಚಿದರು, ಮೂರು ಪೆಡಲ್ಲಿನಲ್ಲಿ ಯಾವುದು ಬ್ರೇಕು ಅಂತ ಹುಡುಕಿ, ದೇವರ ದಯೆಯಿಂದ ಸರಿಯಾದದ್ದನ್ನೇ ಒತ್ತಿದರು. ಹಿಂದಿನ ಸೀಟಿನಲ್ಲಿ ಮೇಷ್ಟ್ರೂ ಒತ್ತಿದ್ದರು, ಅಲ್ಲಿ ಏನೂ ಇರಲಿಲ್ಲ.

"ಏನಮ್ಮಾ! ಇದು ಯಾವ ದೇಶ ಅಂದ್ಕೊಂಡಿದೀಯಾ?"

"ಬೆಲ್ಜಿಯಂ ಸಾರ್," ಅಂದಳು ಅಕ್ಕ. "ಹಾಲಿನ ಬೂತಿಂದ ಫ್ರಾನ್ಸು, ಪೋಸ್ಟಾಫೀಸ್ ದಾಟಿದ್ರೆ ಬೆಲ್ಜಿಯಂ. ಮೇಷ್ಟ್ರೇ ಹೇಳ್ಕೊಟ್ಟಿದಾರೆ. ಫ್ರಾನ್ಸಲ್ಲೂ ಬಲಕ್ಕೇ ಹೋಗ್ಬೇಕಿತ್ತು ಸಾರ್, ಅಲ್ಲಿ ಮರೆತುಬಿಟ್ಟೆ. ತಪ್ಪಾಯ್ತು."

ಇನ್ಸ್‌ಪೆಕ್ಟರು ಹಿಂದೆ ತಿರುಗಿ ಮೇಷ್ಟ್ರನ್ನು ಬಹಳ ಹೊತ್ತು ನೋಡಿದರು. ಅಕ್ಕ ಫೇಲು. ಇನ್ನೊಂದು ಸಲ ಹೀಗಾದರೆ ಸ್ಕೂಲಿಗೇ ಬೀಗ. ಯಜಮಾನರು ಈಗ ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಗುಡುಗಿದರು. "ಮೇಷ್ಟ್ರೇ, ಸಾಕು ನಿಮ್ಮ ಅಭ್ಯಾಸ. ಭಾನುವಾರ ಹೋಗ್ತೀವಿ ಅಂತ ಹೇಳಿದೀರಲ್ಲ, ಹೋಗಿ. ಬೋರ್ಡು ಹಾಕ್ಸಿದೀನಿ. ಭಾನುವಾರ ನೀವು ಹೋಗಲಿಲ್ಲ ಅಂದ್ರೆ ಸೋಮವಾರ ಈ ಕಡೆ ಬರೋದೇ ಬೇಡ."

ಭಾನುವಾರ ಅಂತ ಗೊತ್ತು ಮಾಡಿದ್ದು ಅಣ್ಣ. ಭಾನುವಾರ ಲಾರಿಗಳ ಕಾಟ ಕಡಿಮೆಯಂತೆ.

"ನಿಜ ಹೇಳಿಬಿಡ್ರೀ," ಅಂದಳು ಹೆಂಡತಿ.

"ಹೇಳಿದ್ರೆ ಅವನು ಮತ್ತೆ ಗೋಡೆ ಕಡೆ ತಿರುಗ್ತಾನೆ."

"ಹೇಳದೆ ಇದ್ರೆ? ಭಾನುವಾರ ಏನು, ಗಾಳೀಲಿ ಹಾರ್ತೀರಾ?"

ಮೇಷ್ಟ್ರ ಕಾಲು ನೆಲ ಒತ್ತಿತು.

ಕೊನೆಗೆ ಅವರಿಗೆ ಹೊಳೆದದ್ದು ಡಾಕ್ಟರು. ಡಾಕ್ಟರೇ ಬೇಡ ಅಂದುಬಿಟ್ಟರೆ? ತಪ್ಪು ತಮ್ಮನದಲ್ಲ, ಅಣ್ಣನದಲ್ಲ, ವೈದ್ಯಶಾಸ್ತ್ರದ್ದು. ಶನಿವಾರ ಆಸ್ಪತ್ರೆಗೆ ಹೋಗಿ ಕೈ ಮುಗಿದರು.

"ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಮನೆಗೆ ಬಂದು, ಪ್ರಯಾಣ ಕೂಡದು ಅಂತ ಅಣ್ಣನಿಗೆ ಒಂದು ಮಾತು ಹೇಳಿ."

ಡಾಕ್ಟರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಅಂತ ಮೇಷ್ಟ್ರಿಗೆ ಈಗ ಗೊತ್ತಿತ್ತು.

"ಮೇಷ್ಟ್ರೇ, ಮೊನ್ನೆ ಇಂಜೆಕ್ಷನ್ ಕೊಡೋಕೆ ಬಂದಿದ್ನಲ್ಲ, ಆವಾಗ ನಿಮ್ಮಣ್ಣ ನನ್ನ ಕೈ ಹಿಡ್ಕೊಂಡ್ರು. 'ಡಾಕ್ಟ್ರೇ, ಎಲ್ಲಿಗೂ ಹೋಗಲ್ಲ ಅಂತ ನನಗೆ ಗೊತ್ತು. ಆದ್ರೆ ನನ್ನ ತಮ್ಮ ಹುಟ್ಟಿದಾಗಿಂದ ಎಲ್ಲಿಗೂ ಹೋಗ್ಬೇಕು ಅಂದೋನಲ್ಲ. ಈಗ ಆಸೆ ಪಟ್ಟಿದಾನೆ. ನಕ್ಷೆ ಮುಂದೆ ಚಿಕ್ಕ ಹುಡುಗನ ಹಾಗೆ ಕೂರ್ತಾನೆ. ನೀವು ಬೇಡ ಅಂದ್ರೆ ಅವನು ತಡ್ಕೊಳಲ್ಲ. ಅವನ ಖುಷಿಗೆ ನಾನು ಗಂಜಿ ಕುಡೀತಿದೀನಿ' ಅಂದ್ರು."

ಮೇಷ್ಟ್ರು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು. ಅಣ್ಣನ ಖುಷಿಗೆ ತಾನು, ತನ್ನ ಖುಷಿಗೆ ಅಣ್ಣ. ಇಬ್ಬರೂ ಸೇರಿ ಯಾರಿಗೂ ಬೇಡದ ಯುರೋಪನ್ನು ಹೊತ್ತು ತಿರುಗುತ್ತಿದ್ದಾರೆ! ನಗಬೇಕು ಅಂದುಕೊಂಡರು, ಅಳು ಬಂತು. ಜೋರಾಗಿಯೇ ಅತ್ತರು. ದಾರಿಯಲ್ಲಿ ಹೋಗುತ್ತಿದ್ದ ಮ್ಯಾನೇಜರು ನೋಡಿ ಹತ್ತಿರ ಬಂದರು.

"ಅಯ್ಯೋ, ವೀಸಾ ಸಿಗಲಿಲ್ವಾ?"

ಭಾನುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಮನೆ ಮುಂದೆ ನಿಂತಿತ್ತು. ಸೋದರತ್ತೆ ಕೂಡ ಬಂದಿದ್ದಳು, ಶಾಲಿನ ಬಣ್ಣ ನೆನಪಿಸಲು. ಒಳಗೆ ಅಣ್ಣ ಕ್ಷೌರ ಮಾಡಿಸಿಕೊಂಡು, ತನ್ನ ಹಳೇ ಖಾಕಿ ಅಂಗಿ ಹಾಕಿಸಿಕೊಂಡು, ದಿಂಬಿಗೆ ಒರಗಿ ಕೂತಿದ್ದ. ಅಂಗಿಯೊಳಗೆ ಇನ್ನೊಬ್ಬ ಮನುಷ್ಯನಿಗೆ ಜಾಗ ಇತ್ತು.

"ಅಣ್ಣ, ಒಂದು ಮಾತು..."

"ಟಿಕೆಟ್ಟಿಲ್ಲ, ವೀಸಾ ಇಲ್ಲ. ಅದೇ ತಾನೇ? ಅದೆಲ್ಲ ಬಸ್ಸಲ್ಲಿ ನಿದ್ದೆ ಮಾಡ್ಕೊಂಡು ಹೋಗೋರಿಗೆ ಕಣೋ. ನಿಮ್ಮ ಸ್ಕೂಲ್ ಕಾರಿಗೆ ಎರಡೂ ಕಡೆ ಪೆಡಲ್ ಇದೆ ಅಂದಿದ್ದೆಯಲ್ಲ?"

"ಇದೆ."

"ಹಾಗಾದ್ರೆ ಇನ್ನೇನು! ಕೈ ನಂದು, ಕಾಲು ನಿಂದು. ತಗೊಂಡು ಬಾ ಹೋಗು."

ತಗೊಂಡು ಬಂದರು. ನಾಲ್ಕು ಜನ ಎತ್ತಿ ಅಣ್ಣನನ್ನು ಸ್ಟಿಯರಿಂಗಿನ ಹಿಂದೆ ಕೂರಿಸಿದರು. ಎತ್ತಿದವರು ಭಾರವೇ ಇಲ್ಲದ್ದಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಹಾಸಿಗೆ ಮೇಲಿನ ಬೆಡ್‌ಶೀಟನ್ನೇ ತಂದು, ವಾಲದ ಹಾಗೆ ಭಾವನನ್ನು ಸೀಟಿಗೆ ಕಟ್ಟಿದಳು.

"ಎಲ್ ಬೋರ್ಡಲ್ಲಿ ಏರ್‌ಪೋರ್ಟಿಗಾ?" ಅಂದರು ಮ್ಯಾನೇಜರು.

"ಏರ್‌ಪೋರ್ಟ್ ಯಾಕೆ ಸಾರ್?" ಅಂದ ಅಣ್ಣ. "ಟೈಲರ್ ಅಕ್ಕ ಹೇಳ್ಲಿಲ್ವಾ? ಹಾಲಿನ ಬೂತ್ ಹತ್ರ ಫ್ರಾನ್ಸ್ ಶುರು ಆಗುತ್ತೆ."

ಒಬ್ಬೊಬ್ಬರಿಗೇ ಅರ್ಥವಾಗುತ್ತಾ ಬಂತು. ಯಾರಾದರೂ ಒಬ್ಬರು ನಕ್ಕಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಮ್ಯಾನೇಜರು ಬಾಯಿ ತೆರೆದರು. ಮೇಷ್ಟ್ರ ಕಾಲು ಬ್ರೇಕು ಒತ್ತಿ ಹಿಡಿಯಿತು. ಮ್ಯಾನೇಜರು ಬಾಯಿ ಮುಚ್ಚಿ, ಕಾರಿನ ಕಿಟಕಿಯ ಹತ್ತಿರ ಬಂದು ಬಗ್ಗಿದರು.

"ಪ್ಯಾರಿಸ್ಸಲ್ಲಿ ಪಾರ್ಕಿಂಗ್ ಬಹಳ ಕಷ್ಟ," ಅಂದರು. "ಹುಷಾರು."

ಸ್ಕೂಲಿನ ಮುಂದೆ ಯಜಮಾನರು ನಿಂತಿದ್ದರು. ತಮ್ಮ ಕಾರು ಬರುತ್ತಿದೆ, ಸ್ಟಿಯರಿಂಗ್ ಹಿಡಿದಿರುವುದು ಬೆಡ್‌ಶೀಟಿನಲ್ಲಿ ಕಟ್ಟಿದ ಒಂದು ಅಸ್ಥಿಪಂಜರ. ತಲೆಯ ಮೇಲಿದ್ದ ಬೋರ್ಡು ನೋಡಿದರು, ಕಾರು ನೋಡಿದರು. ಎಂಥ ವ್ಯಾಪಾರಸ್ಥನಿಗೂ ಎದೆಯೊಳಗೆ ಏನೋ ಒಂದಿರುತ್ತದೆ.

"ಎಂಟು ಗಂಟೆಗೆ ಕ್ಲಾಸಿದೆ," ಅಂತ ಕೂಗಿದರು. "ಅಷ್ಟರೊಳಗೆ ಯುರೋಪ್ ಮುಗಿಸಿ ಬನ್ನಿ!"

ಎಂಟರೊಳಗೆ ಮುಗಿಯುವಂಥ ಯುರೋಪು ಅಲ್ಲ ಅದು. ದಿನಕ್ಕೊಂದು ದೇಶ ಅಂತ ಅಣ್ಣನೇ ಹೇಳಿದ. ಅವನ ಕೈಯಲ್ಲಿ ಅಷ್ಟೇ ಶಕ್ತಿ ಇತ್ತು. ಭಾನುವಾರ ಫ್ರಾನ್ಸು. ಸೋಮವಾರ ಬೆಲ್ಜಿಯಂ. ಅಲ್ಲಿ ಮಾರುಕಟ್ಟೆಯ ಮೂಲೆಯ ಸಲೂನು ಲಕ್ಸೆಂಬರ್ಗು. ಅದರ ಮುಂದೆ ಅಣ್ಣ ಒಂದು ಹಾರ್ನ್ ಹೊಡೆದ. ಸಲೂನಿನವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಹೊರಗೆ ಓಡಿ ಬಂದು ಕತ್ತಿ ಹಿಡಿದೇ ಸಲ್ಯೂಟ್ ಮಾಡಿದ. ಮಂಗಳವಾರ ಬೈಪಾಸು, ಅಂದರೆ ಜರ್ಮನಿ. "ಇಲ್ಲಿ ಸ್ಪೀಡಿಗೆ ಲಿಮಿಟ್ ಇಲ್ಲ, ಒತ್ತೋ!" ಅಂತ ಅಣ್ಣ ಕೂಗಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಒತ್ತಿದರು. ಮುದಿ ಕಾರು ಜೀವಮಾನದಲ್ಲಿ ಮೊದಲ ಸಲ ಮೂರನೇ ಗೇರು ಕಂಡಿತು.

ಪ್ರತಿದಿನ ವಾಪಸು ಬಂದಾಗ ಅಣ್ಣನ ಮುಖ ಇನ್ನಷ್ಟು ಬಿಳುಚಿರುತ್ತಿತ್ತು. ಮರುದಿನ ಹೊರಡುವಾಗ ಹೆಂಡತಿ ಬೆಡ್‌ಶೀಟನ್ನು ಇನ್ನೊಂದು ಸುತ್ತು ಸುತ್ತುತ್ತಿದ್ದಳು.

ಬುಧವಾರ ಸ್ವಿಟ್ಜರ್ಲೆಂಡು. ಟ್ಯಾಂಕಿನ ಏರಿನ ಬುಡದಲ್ಲಿ ರಸ್ತೆ ಖಾಲಿ ಇತ್ತು. ಅಣ್ಣ ನಿಧಾನವಾಗಿ ಕಾರನ್ನು ಬಲಕ್ಕೆ ತಗೊಂಡ. ಅಲ್ಲಿಯೇ ಮರದ ಕೆಳಗೆ ಜೀಪು ನಿಲ್ಲಿಸಿಕೊಂಡಿದ್ದವರು ಬೇರೆ ಯಾರೂ ಅಲ್ಲ, ಇನ್ಸ್‌ಪೆಕ್ಟರು. ಕೈ ಅಡ್ಡ ಹಾಕಿದರು.

"ಮತ್ತೆ ನೀವೇನಾ! ಎಲ್ಲಿಗೆ ಹೊರಟಿದೀರಿ?"

"ಸ್ವಿಟ್ಜರ್ಲೆಂಡಿಗೆ," ಅಂದ ಅಣ್ಣ. ದನಿ ಬಹಳ ಸಣ್ಣಗಾಗಿತ್ತು.

ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. ಖಾಕಿ ಅಂಗಿ. ಬೆಡ್‌ಶೀಟು. ಸ್ಟಿಯರಿಂಗ್ ಮೇಲೆ ಎಲುಬು ಎದ್ದ ಕೈ. ಕೆಳಗೆ ಪೆಡಲ್ ಮುಟ್ಟದೆ ಜೋತುಬಿದ್ದ ಕಾಲು. ಈ ಕಡೆ ಬೆವರುತ್ತಾ ಕೂತ ಮೇಷ್ಟ್ರು. ಕೈಯಲ್ಲಿದ್ದ ಪೆನ್ನನ್ನು ನಿಧಾನವಾಗಿ ಜೇಬಿಗಿಟ್ಟುಕೊಂಡರು.

"ಬಾರ್ಡರ್ ಇನ್ನೂ ಮುಂದಿದೆ," ಅಂದರು. "ಆ ಮೈಲಿಗಲ್ಲಿನ ತನಕ ಎಡಕ್ಕೆ ಹೋಗಿ. ದಾಟಿದ ಮೇಲೆ ಬಲಕ್ಕೆ." ಆಮೇಲೆ ಜೀಪು ಹತ್ತಿ, ಎದುರಿಂದ ಯಾರೂ ಬರದ ಹಾಗೆ ತಾವೇ ಮುಂದೆ ಹೊರಟರು.

ಏರಿನ ತುದಿಯಲ್ಲಿ ಕಾರು ನಿಲ್ಲಿಸಿದರು. ತಣ್ಣಗೆ ಗಾಳಿ ಬೀಸುತ್ತಿತ್ತು. ಆ ಬದಿಗೆ ರಸ್ತೆ ಸುತ್ತಿ ಸುತ್ತಿ ಇಳಿದು ಮರಗಳ ಮಧ್ಯೆ ಹೋಗುತ್ತಿತ್ತು. ಮೇಷ್ಟ್ರು ಈ ತುದಿಯಿಂದ ಎಷ್ಟು ಸಲ ಯೂ ಟರ್ನ್ ಮಾಡಿಸಿದ್ದರೋ ಲೆಕ್ಕವಿಲ್ಲ. ಆಚೆ ಇಳಿದವರಲ್ಲ.

"ಅದೇ ಇಟಲಿ," ಅಂದ ಅಣ್ಣ. "ಇಳಿಯೋಣ್ವಾ?"

ಮೇಷ್ಟ್ರು ಗಡಿಯಾರ ನೋಡಿದರು. ಕಾಲು ಬ್ರೇಕಿನ ಮೇಲೆ ಗಟ್ಟಿಯಾಗಿ ಕೂತಿತ್ತು.

"ಎಂಟಾಗ್ತಾ ಬಂತು ಅಣ್ಣ. ಕ್ಲಾಸಿದೆ."

"ಸರಿ ಬಿಡು. ಇಟಲಿ ಎಲ್ಲಿಗೂ ಓಡಿ ಹೋಗಲ್ಲ. ನಾಳೆ."

ಅವತ್ತು ಎಂಟು ಗಂಟೆ ಕ್ಲಾಸಿಗೆ ಯಾರೂ ಬರಲಿಲ್ಲ. ಮೇಷ್ಟ್ರು ಖಾಲಿ ಕಾರಿನಲ್ಲಿ ಒಂಬತ್ತರ ತನಕ ಕೂತಿದ್ದರು.

ಗುರುವಾರ ಬೆಳಿಗ್ಗೆ ಹೆಂಡತಿ ಹಾಲು ತೆಗೆದುಕೊಂಡು ಹೋದಳು. ಅಣ್ಣ ಹೋಗಿಬಿಟ್ಟಿದ್ದ. ಖಾಕಿ ಅಂಗಿ ಮಡಚಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದ. ಮುಖ ಗೋಡೆ ಕಡೆ ಇರಲಿಲ್ಲ, ಬಾಗಿಲ ಕಡೆ ಇತ್ತು. ಮೇಷ್ಟ್ರು ಆ ಮುಖವನ್ನು ನೋಡಿ, "ಕ್ಲಾಸಿರಲಿಲ್ಲ ಅಣ್ಣ, ಯಾರೂ ಬರಲೇ ಇಲ್ಲ" ಅಂದರು. ಅದನ್ನೇ ಮತ್ತೆ ಮತ್ತೆ ಅಂದರು. ಹೆಂಡತಿ ಬಂದು ಬಾಯಿ ಮೇಲೆ ಕೈಯಿಟ್ಟಳು.

ಮಧ್ಯಾಹ್ನ ಹೆಣ ಸಾಗಿಸುವ ವ್ಯಾನು ಬಂತು. ಮೇಷ್ಟ್ರು ಅಭ್ಯಾಸಬಲದಿಂದ ಎಡಗಡೆ ಸೀಟಿನಲ್ಲಿ ಕೂತರು. ಹಿಂದೆ ಅಣ್ಣ. ಅದರ ಹಿಂದೆ ಯಜಮಾನರ ಕಾರು, ಅದರಲ್ಲಿ ಸೋದರತ್ತೆ, ಮ್ಯಾನೇಜರು, ಟೈಲರ್ ಅಕ್ಕ. ವ್ಯಾನಿನ ಡ್ರೈವರು ಈ ಕಡೆಗೆ ಹೊಸಬ. ಮಾರುಕಟ್ಟೆಯ ಮೂಲೆಯಲ್ಲಿ ನಿಲ್ಲಿಸಿ ಕೇಳಿದ.

"ಯಾವ ದಾರಿ ಸಾರ್?"

ಸ್ಮಶಾನಕ್ಕೆ ಎಡಕ್ಕೆ ತಿರುಗಿದರೆ ಹತ್ತು ನಿಮಿಷ. ಮೇಷ್ಟ್ರು ಹಿಂದೆ ತಿರುಗಿ ಅಣ್ಣನನ್ನು ನೋಡಿದರು.

"ನೇರ ಹೋಗಪ್ಪ," ಅಂದರು. "ಟ್ಯಾಂಕ್ ಏರಿ, ಆ ಕಡೆ ಇಳಿದು ಸುತ್ತಿಕೊಂಡು ಹೋಗೋಣ."

ಹಿಂದಿನ ಕಾರಿನಲ್ಲಿ ಸೋದರತ್ತೆ ಎದೆ ಬಡಿದುಕೊಂಡಳು. "ಅಯ್ಯೋ, ಇವನಿಗೆ ಬುದ್ಧಿ ನೆಟ್ಟಗಿದೆಯಾ? ಹೆಣ ಇಟ್ಕೊಂಡು ಊರು ಸುತ್ತಿಸ್ತಾನಲ್ಲ! ಇದ್ಯಾವ ದಾರಿ?"

ಮ್ಯಾನೇಜರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಇಟಲಿ ದಾರಿ," ಅಂದರು. "ಸುಮ್ನೆ ಕೂತ್ಕೊಳ್ಳಿ ಅಮ್ಮ."

ವ್ಯಾನು ಏರಿನ ತುದಿ ಮುಟ್ಟಿ, ಆಚೆ ಬದಿಗೆ ಮೂತಿ ಬಗ್ಗಿಸಿತು.

"ಸೆಕೆಂಡ್ ಗೇರಲ್ಲೇ ಇಳಿಸಪ್ಪ," ಅಂದರು ಮೇಷ್ಟ್ರು.

ಡ್ರೈವರು ಗೇರು ಹಾಕಿದ. ಮೇಷ್ಟ್ರು ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿ ಮಡಚಿಕೊಂಡು ಕೂತರು. ಇಟಲಿ ಮುಗಿಯುವ ತನಕ ಕೆಳಗಿಳಿಸಲಿಲ್ಲ.